ಅಗಸೆ ಲೋಳೆ ಕುದಿಸಿದ ಬೇಸಿಗೆ

ಅಗಸೆ ಕುದಿಯುವ ವಾಸನೆ ನನಗೆ ಆಗುವುದಿಲ್ಲ. ಹಸಿ ಎಣ್ಣೆ ಬಿದ್ದ ಒದ್ದೆ ಗೋಣಿಚೀಲದ ಹಾಗೆ ಇರುತ್ತದೆ ಅದು. ಹೋದ ತಿಂಗಳು ವಿಜಯಪುರಕ್ಕೆ ಮೊಮ್ಮಗನ ಮನೆಗೆ ಹೋಗಿದ್ದೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಅವರ ಮನೆ. ಮೊಮ್ಮಗನ ಹೆಂಡತಿ ಕೂದಲಿಗೆ ಹಚ್ಚಿಕೊಳ್ಳಲು ಅಗಸೆ ಕುದಿಸುತ್ತಿದ್ದಳು. ಸೂಟಿಗೆ ಮನೆಯಲ್ಲಿದ್ದ ಮಕ್ಕಳು ಓಡಿಬಂದು, ಆರಿದ ಲೋಳೆಗೆ ಕೈ ಹಾಕಿ, ಸ್ಲೈಮ್ ಸ್ಲೈಮ್ ಎಂದು ಕುಣಿದವು. ಅವಳು ನಗುತ್ತ ಅರ್ಧ ಲೋಳೆಯನ್ನು ತಾಟಿಗೆ ಸುರಿದು, ಚೂರು ಬಣ್ಣ ಹಾಕಿ ಅವಕ್ಕೆ ಆಡಲು ಕೊಟ್ಟಳು. ನಾನು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತೆ.

"ಯಾಕ ಆಯಿ, ಏನಾತು?" ಎಂದು ಒಳಗಿನಿಂದಲೇ ಕೇಳಿದಳು.

"ಸೆಕಿ ಆತು," ಎಂದೆ. ಸೆಕೆ ಏನೂ ಆಗಿರಲಿಲ್ಲ. ಇದೇ ಲೋಳೆಯನ್ನು ಮಕ್ಕಳ ಆಟಕ್ಕೆಂದು ನಾನು ಒಂದು ಬೇಸಿಗೆ ಪೂರ್ತಿ ಕುದಿಸಿದವಳು ಎಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಆ ಹೊತ್ತಿಗೆ ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ದೊಡ್ಡ ಬರ ಕಳೆದ ಮರುವರ್ಷದ ಬೇಸಿಗೆ ಅದು. ಬಬಲೇಶ್ವರದಲ್ಲಿ ಹೆಣ್ಣುಮಕ್ಕಳ ಮಂಡಳದವರು ಒಂದು ಬಾಲವಾಡಿ ನಡೆಸುತ್ತಿದ್ದರು. ಒಂದೇ ಖೋಲಿ, ಮುಂದೆ ತಗಡಿನ ಪಡಸಾಲೆ, ಪಕ್ಕದಲ್ಲಿ ಬೇವಿನ ಗಿಡ. ನಾನು ಅಲ್ಲಿ ಆಯಾ. ಕಸ ಗುಡಿಸುವುದು, ನೀರು ತುಂಬುವುದು, ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಅವರ ಚಡ್ಡಿ ತೊಳೆಯುವುದು ನನ್ನ ಕೆಲಸ. ಗಂಡ ಸತ್ತು ಮೂರು ವರ್ಷವಾಗಿತ್ತು. ಮಗಳು ತಿಕೋಟಾದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದು ಸಾಲಿ ಕಲಿಯುತ್ತಿದ್ದಳು. ವರ್ಷದಲ್ಲಿ ಬೇಸಿಗೆ ಸೂಟಿಯ ಒಂದು ತಿಂಗಳು ಮಾತ್ರ ನಾನು ಅವಳ ಜೊತೆ ಇರುತ್ತಿದ್ದೆ. ಆ ವರ್ಷ ಅದೂ ಹೋಯಿತು.

ಹೋದದ್ದು ಸುಲೋಚನಾ ಅಕ್ಕೋರಿಂದ. ಬಾಲವಾಡಿಯ ಟೀಚರು ಅವರು, ಇಪ್ಪತ್ತೆರಡು ವರ್ಷದವರು, ಇನ್ನೂ ಮದುವೆಯಾಗಿರಲಿಲ್ಲ. ಬಿಜಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಆಗ ವಿಜಯಪುರಕ್ಕೆ ಅದೇ ಹೆಸರು. ಎಲ್ಲಿಯೋ ತರಬೇತಿಗೆ ಹೋಗಿ ಒಂದು ದಪ್ಪ ವಹಿ ತುಂಬ ಬರೆದುಕೊಂಡು ಬಂದಿದ್ದರು. ಸೂಟಿ ಬಿಡುವ ಹಿಂದಿನ ದಿನ ಅದನ್ನು ತೆಗೆದು ಹೇಳಿದರು: "ಸೂಟ್ಯಾಗ ಬಾಲವಾಡಿ ಬಂದ್ ಮಾಡೂದು ಬ್ಯಾಡ ಕಾಶೀಬಾಯಿ. ಮಕ್ಕಳಿಗೆ ಕೈಯಾಟ ಆಡಸೋಣ. ಹಿಟ್ಟು, ಮಣ್ಣು, ಅಂಟು, ಇಂಥಾದ್ದರಾಗ ಕೈ ಆಡಿಸಿದ್ರ ಬೆರಳು ಚುರುಕಾಗ್ತಾವ. ಮೈ ಹೊಲಸಾದ್ರೂ ನಡೀತದ. ಈ ಆಟಾನ ಹಂಗ ಅದ."

"ಹೊಲಸು ಯಾರು ತೊಳೀಬೇಕ್ರಿ?" ಎಂದೆ.

"ನಾವಿಬ್ರೂ ತೊಳ್ಯೋಣ."

ನಾವಿಬ್ಬರೂ ಎಂದರೆ ನಾನೊಬ್ಬಳೇ. ಅವರು ಒಂದು ಗಂಟೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು.

ಮೊದಲು ಮೈದಾ ಹಿಟ್ಟು ಕುದಿಸಿ ಖಳಿ ಮಾಡಿದೆವು, ಗಾಳಿಪಟಕ್ಕೆ ಹಚ್ಚುವ ಅಂಟಿನ ಹಾಗೆ. ಬೆಳಿಗ್ಗೆ ಎಂಟಕ್ಕೆ ಮಾಡಿದ್ದು ಹತ್ತೂವರೆಗೆ ಹುಳಿ ವಾಸನೆ ಹೊಡೆಯಿತು. ಆ ತಗಡಿನ ಕೆಳಗೆ ಕೂತರೆ ಮನುಷ್ಯರೇ ಹಳಸುತ್ತಾರೆ, ಹಿಟ್ಟಿನದೇನು. ಇರುವೆಗಳು ಸಾಲು ಹಚ್ಚಿ ಬಂದವು. ಹೊರಗಿಟ್ಟ ಬುಟ್ಟಿಗೆ ಯಾರದೋ ಆಡು ಬಂದು ಮೂತಿ ಹಾಕಿ, ಮೂತಿಗೆ ಖಳಿ ಮೆತ್ತಿಸಿಕೊಂಡು ಓಣಿಯೆಲ್ಲ ಕುಣಿಯಿತು. ಖಳಿ ಒಣಗಿ ಮಕ್ಕಳ ಕೂದಲು ಕಡ್ಡಿಯಾದವು. ಒಂದೊಂದು ತಲೆಗೆ ಎರಡು ಚರಿಗೆ ನೀರು, ಇಪ್ಪತ್ತಾರು ತಲೆ. ಬಾವಿ ಊರ ಹೊರಗೆ. ನನ್ನ ನಡು ಬಿದ್ದುಹೋಯಿತು.

ಮೈದಾ ತೀರಿದ ಮೇಲೆ ಅಕ್ಕೋರು ಜೋಳದ ಹಿಟ್ಟು ತಂದರು. ಬೇಡವೆಂದೆ. ಕೇಳಲಿಲ್ಲ. ನಾದಿ ಮಕ್ಕಳ ಮುಂದೆ ಇಟ್ಟದ್ದೇ ತಡ, ಅರ್ಧ ಮಕ್ಕಳು ಅದನ್ನು ತಿಂದವು. ಬರದಲ್ಲಿ ಬೆಳೆದ ಮಕ್ಕಳು, ಹಿಟ್ಟು ಕಂಡರೆ ಬೇರೆ ಏನು ಮಾಡಿಯಾವು? ಸುದ್ದಿ ಊರಲ್ಲಿ ಹಬ್ಬಿತು. ಮಧ್ಯಾಹ್ನದೊಳಗೆ ಮಂಡಳದ ಅಧ್ಯಕ್ಷೆ ಗೌಡಶಾನಿಯವರು ಸೆರಗು ಬಿಗಿದುಕೊಂಡು ಬಂದರು.

"ಹ್ವಾದ ವರ್ಷ ಇದ ಊರಾಗ ಮಂದಿ ಹಿಟ್ಟಿಗೆ ಪಾಳಿ ಹಚ್ಚಿ ನಿಂತಿದ್ರು. ಈ ವರ್ಷ ನೀವು ಹಿಟ್ಟಿನ್ಯಾಗ ಆಟ ಆಡಸಾಕತ್ತೀರಿ. ನಾಳೆ ಏನು, ತುಪ್ಪದಾಗ ಈಸಾಡಸ್ತೀರೇನು?"

"ಅದು ಶಿಕ್ಷಣರಿ," ಎಂದರು ಅಕ್ಕೋರು ಸಣ್ಣ ದನಿಯಲ್ಲಿ.

"ಇರ್ಲಿ. ತಿನ್ನೂ ಹಿಟ್ಟು ಇನ್ನ ಮ್ಯಾಲ ಕೈಯಾಟಕ್ಕ ಬರಬಾರದು. ಬಂದ್ರ ಬಾಲವಾಡಿಗೆ ಕೀಲಿ ಹಾಕಸ್ತೀನಿ."

ನನಗೆ ಒಳಗೊಳಗೇ ಖುಷಿ. ಆಟ ನಿಂತಿತು, ಇನ್ನು ತಿಕೋಟಾಕ್ಕೆ ಹೋಗಬಹುದು ಎಂದು ಗಂಟು ಕೂಡ ಕಟ್ಟಿದೆ. ಆದರೆ ಆ ಸಂಜೆಯೇ ಹುಸೇನಬಿ ಬಂದಳು.

ಹುಸೇನಬಿಯ ಗಂಡ ಪಾತ್ರೆಗಳನ್ನು ಬೆಂಕಿಯಲ್ಲಿ ಕಾಸಿ ತವರದ ಕಲಾಯಿ ಹಾಕುವವ. ದೀಪಾವಳಿ ಮುಂದೆ ಊರಿನವರೆಲ್ಲ ಹಂಡೆ, ಪಾತೇಲಿ ತಂದು ಅವನ ಮುಂದೆ ಸುರಿಯುತ್ತಾರೆ. ಹಿಂದಿನ ದೀಪಾವಳಿಯಲ್ಲಿ ಕಲಾಯಿ ಮಾಡಿ ಆರಲು ಇಟ್ಟಿದ್ದ ಹಂಡೆಯ ಮೇಲೆ ಅವರ ಮಗಳು ಜೈತೂನ ಅಂಗೈ ಊರಿ ಸುಟ್ಟುಕೊಂಡಿದ್ದಳು. ಹಂಡೆ ಬೆಳ್ಳಗೆ ಹೊಳೆಯುತ್ತಿತ್ತಂತೆ, ಮುಖ ಕಾಣುತ್ತಿತ್ತಂತೆ. ಐದು ವರ್ಷದ ಹುಡುಗಿ. ಗಾಯ ಮಾಯಿತು, ಆದರೆ ಹೊಸ ಚರ್ಮ ಎಳೆದುಕೊಂಡು ಬೆರಳುಗಳು ಅಂಗೈಯೊಳಗೆ ಮಡಚಿದವು. ಆ ಕೈಯನ್ನು ಅವಳು ಯಾವಾಗಲೂ ಫ್ರಾಕಿನ ಮಡಿಕೆಯಲ್ಲಿ ಇಟ್ಟುಕೊಂಡಿರುತ್ತಿದ್ದಳು. ಮುಟ್ಟಲು ಹೋದರೆ ಕಚ್ಚುತ್ತಿದ್ದಳು. ನನ್ನನ್ನೂ ಎರಡು ಸಲ ಕಚ್ಚಿದ್ದಾಳೆ.

"ಅಕ್ಕೋರಿಗೆ ಹೇಳ್ರಿ ಕಾಶೀಬಾಯಿ," ಎಂದಳು ಹುಸೇನಬಿ, "ಆ ಅಂಟಿನ ಆಟ ನಿಲ್ಲಸೂದು ಬ್ಯಾಡ. ಮೊನ್ನಿ ಕಿಡಕ್ಯಾಗಿಂದ ನೋಡಿನಿ. ನಮ್ಮ ಜೈತೂನ ಆ ಕೈನ ತಾನ ಖಳ್ಯಾಗ ಹಾಕಿ ಒತ್ತಾಕತ್ತಿದ್ಲು. ಆರು ತಿಂಗಳಾತು, ನಾ ಆ ಕೈ ಮುಟ್ಟಿಲ್ಲ. ಮುಟ್ಟಗೊಡಸೂದಿಲ್ಲ."

"ಡಾಕ್ಟರ್ ಏನಂದಾರ?"

"ಇಜಾಪುರದ ದವಾಖಾನಿಗೆ ಹೋಗಿದ್ವಿ. ದಿನಾ ಬೆರಳ ಬಿಡಸ್ರಿ ಅಂದ್ರು. ಮಳಿಗಾಲದ ಒಳಗ ಬಿಡಸಿದ್ರ ಬಿಡಸಿದ್ರಿ, ಆಮ್ಯಾಲ ಚರ್ಮ ಗಟ್ಟಿಯಾಗಿ ಮುಷ್ಟಿ ಹಂಗ ಮುಚ್ಚತೈತಿ ಅಂದ್ರು." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಬಲಗೈರಿ ಅದು."

ನಾನು ಕಟ್ಟಿದ ಗಂಟು ಬಿಚ್ಚಿದೆ. ದೊಡ್ಡ ಮನಸ್ಸಿನಿಂದಲ್ಲ. ಇಂಥದ್ದನ್ನು ಕೇಳಿಯೂ ಊರಿಗೆ ಹೋದಳು ಎಂದು ನಾಳೆ ಬಾವಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಾರೆ ಎಂದು.

ಈಗ ಬೇಕಾದದ್ದು ಏನು? ತಿನ್ನುವ ಹಿಟ್ಟಾಗಿರಬಾರದು, ಮಣ್ಣಿನ ಹಾಗೆ ಉರುಟಾಗಿ ಹೊಸ ಚರ್ಮಕ್ಕೆ ತರಚಬಾರದು, ಕೈಗೆ ಮೆತ್ತಗಿರಬೇಕು. ಅಕ್ಕೋರ ವಹಿಯಲ್ಲಿ ಅಂಥದು ಏನೂ ಇರಲಿಲ್ಲ. ರವಿವಾರ ಬೆಳಿಗ್ಗೆ ತಿಕೋಟಾಕ್ಕೆ ಹೋದೆ, ಸಂಜೆ ತಿರುಗಿ ಬಂದೆ. ನನ್ನ ಒಂದು ತಿಂಗಳ ಸೂಟಿ ಆ ಒಂದು ದಿನದಲ್ಲಿ ಮುಗಿಯಿತು. ಅಕ್ಕ ಹಿತ್ತಲಲ್ಲಿ ಈದ ಎಮ್ಮೆಗೆಂದು ಅಗಸೆ ಕುದಿಸುತ್ತಿದ್ದಳು. ಕೋಲು ಎತ್ತಿದರೆ ಲೋಳೆ ನೂಲಿನ ಹಾಗೆ ಇಳಿಯುತ್ತಿತ್ತು. ಕೈ ಹಾಕಿ ನೋಡಿದೆ. ಮೆತ್ತಗೆ, ತಣ್ಣಗೆ, ಹಿಡಿದರೆ ಜಾರುತ್ತದೆ, ಬಿಟ್ಟರೆ ಅಂಟುತ್ತದೆ.

"ಅಕ್ಕಾ, ಜರಡಿ ಕೆಳಗಿನ ಅಗಸಿ ಐತೇನ?"

"ದನಕ್ಕ ಇಟ್ಟೀನಿ. ಯಾಕ, ನೀ ಎಮ್ಮಿ ತಗೊಂಡಿಯೇನು?"

"ಇಪ್ಪತ್ತಾರು ಅದಾವ," ಎಂದೆ.

ಅರ್ಧ ಚೀಲ ಕೊಟ್ಟಳು. ಮಣ್ಣು, ಕಸ, ಒಡಕು ಬೀಜ ಎಲ್ಲ ಕೂಡಿದ್ದು. ಗೌಡಶಾನಿಯವರಿಗೆ ಮೊದಲೇ ತೋರಿಸಿದೆ, ಇದು ದನದ್ದು, ಮನುಷ್ಯರು ತಿನ್ನುವುದಲ್ಲ ಎಂದು. ಅವರು ಮೂಗು ಮುರಿದರು, ಬೇಡ ಎನ್ನಲಿಲ್ಲ.

ಲೋಳೆ ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಬೀಜ ತೊಳೆದು, ಒಂದು ಬಟ್ಟಲಿಗೆ ಏಳು ಬಟ್ಟಲು ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಉಕ್ಕಿದರೆ ಒಲೆಯೆಲ್ಲ ಜಿಗಟು. ಬಿಸಿ ಇದ್ದಾಗಲೇ ಹಳೆಯ ಧೋತರದ ತುಂಡಿನಲ್ಲಿ ಹಾಕಿ ಹಿಂಡಬೇಕು. ಆರಿತೋ, ಬಟ್ಟೆಯಿಂದ ಇಳಿಯುವುದೇ ಇಲ್ಲ. ಬಿಸಿ ಇದ್ದಾಗ ಹಿಂಡಿದರೆ ಕೈ ಸುಡುತ್ತದೆ. ಮೊದಲ ವಾರ ನಾಲ್ಕು ಸಲ ಕೆಡಿಸಿದೆ. ಒಮ್ಮೆ ನೀರಾಯಿತು, ಒಮ್ಮೆ ಗಟ್ಟಿಯಾಗಿ ಬೀಜದ ಸಮೇತ ಗಡಿಗೆಗೆ ಅಂಟಿತು, ಒಮ್ಮೆ ತಳ ಹಿಡಿದು ಸುಟ್ಟ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡು ಓಡಿದವು, ಒಮ್ಮೆ ಬಟ್ಟೆ ಹರಿದು ಎಲ್ಲ ನನ್ನ ಕಾಲ ಮೇಲೆ ಬಿತ್ತು. ಅಕ್ಕೋರು ಪ್ರತಿ ಸಲ ವಹಿ ನೋಡಿ "ಇನ್ನೊಮ್ಮೆ ಮಾಡೋಣ" ಎನ್ನುತ್ತಿದ್ದರು. ಆ ವಹಿಯನ್ನೇ ಒಲೆಗೆ ಹಾಕಬೇಕು ಅನಿಸುತ್ತಿತ್ತು.

ಐದನೆಯ ಸಲ ಸರಿಯಾಗಿ ಬಂತು. ಅರಿಷಿಣ ಹಾಕಿ ಹಳದಿ ಮಾಡಿ ಅಗಲ ತಾಟಿನಂಥ ಪರಾತದಲ್ಲಿ ಸುರಿದೆ. ಮಕ್ಕಳು ಮೊಣಕೈತನಕ ಮೆತ್ತಿಸಿಕೊಂಡು ಕೂತವು. ಜೈತೂನ ಸ್ವಲ್ಪ ಹೊತ್ತು ದೂರ ನಿಂತು ನೋಡಿದಳು. ಆಮೇಲೆ ಬಂದು ಕೂತು, ಎಡಗೈ ಹಾಕಿದಳು, ಇನ್ನೂ ಸ್ವಲ್ಪ ಹೊತ್ತಿಗೆ ಬಲಗೈಯನ್ನೂ ಇಳಿಸಿದಳು. ಲೋಳೆಯ ಒಳಗೆ ಕೈ ಕಾಣುತ್ತಿರಲಿಲ್ಲ. ತನ್ನ ಕಣ್ಣಿಗೇ ಕಾಣದಿದ್ದರೆ ಅವಳಿಗೆ ಅದರ ನೆನಪು ಇರುತ್ತಿರಲಿಲ್ಲವೋ ಏನೋ. ಒತ್ತುತ್ತಿದ್ದಳು, ಹಿಚುಕುತ್ತಿದ್ದಳು, ಪಕ್ಕದವರಿಗೆ ಎರಚಿ ನಗುತ್ತಿದ್ದಳು. ಹುಸೇನಬಿ ದಿನಾ ಕಿಟಕಿಗೆ ಬಂದು ನಿಲ್ಲುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ, ತಾಯಿಯನ್ನು ಕಂಡರೆ ಮಗಳು ಕೈ ತೆಗೆದುಬಿಡುತ್ತಾಳೆ ಎಂದು. ಎಂಟು ಹತ್ತು ದಿನದಲ್ಲಿ ಹೆಬ್ಬೆರಳು ಬಿಟ್ಟಿತು. ತೋರುಬೆರಳು ಒಂದು ಲಿಂಬೆಹಣ್ಣು ಹಿಡಿಯುವಷ್ಟು ತೆರೆಯಿತು. ಉಳಿದ ಮೂರೂ ಅಲುಗಾಡುವುದಕ್ಕೆ ಹತ್ತಿದ್ದವು.

ಆದರೆ ಆ ಲೋಳೆ ಒಂದು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಮರುದಿನ ಮೂಗು ಹಿಡಿಯುವ ಹಾಗೆ ನಾರುತ್ತಿತ್ತು. ದಿನಾ ಐದಕ್ಕೆ ಎದ್ದು ಕುದಿಸು, ಹಿಂಡು, ಮಧ್ಯಾಹ್ನ ಚೆಲ್ಲು, ಪರಾತ ತಿಕ್ಕು, ಇಪ್ಪತ್ತಾರು ಮಕ್ಕಳನ್ನು ತೊಳೆ, ಮತ್ತೆ ನೀರಿಗೆ ಹೋಗು. ಬಿಸಿ ಬಟ್ಟೆ ಹಿಂಡಿ ಹಿಂಡಿ ನನ್ನ ಅಂಗೈ ಕೆಂಪಗಾಗಿತ್ತು. ಅರ್ಧ ಚೀಲ ಕಾಲು ಚೀಲವಾಗಿತ್ತು. ಹಳಸದ ಹಾಗೆ ಬೇವಿನ ಎಲೆ ಹಾಕಲೇ ಎಂದು ಕೇಳಿದ್ದೆ. ಅಕ್ಕೋರು ವಹಿ ತಿರುವಿದರು. "ಇದರಾಗ ಹಂಗ ಬರದಿಲ್ಲ. ನನ್ನ ಕೇಳದ ಏನೂ ಹಾಕಬ್ಯಾಡ್ರಿ." ನನಗೆ ರೋಸಿಹೋಯಿತು.

ನನ್ನ ತವರು ಹೊಳೆಸಾಲಿನ ಕಡೆ. ಅಲ್ಲಿ ಕಬ್ಬಿನ ಗಾಣ ಹೂಡುತ್ತಿದ್ದರು. ಬೆಲ್ಲ ಕುದಿಸುವಾಗ ಬೆಂಡೆ ಗಿಡ ಕುಟ್ಟಿದ ಲೋಳೆ ಹಾಕುತ್ತಾರೆ, ಹೊಲಸು ಮೇಲೆ ಬರಲಿ ಎಂದು. ಜೊತೆಗೆ ಚೂರು ಸುಣ್ಣ ಹಾಕುತ್ತಾರೆ, ಹುಳಿಯಾಗದಿರಲಿ ಎಂದು. ಲೋಳೆ ಮತ್ತು ಸುಣ್ಣ ಜೋಡಿಯಾಗಿ ಹೋಗುವುದನ್ನು ನೋಡುತ್ತಲೇ ಬೆಳೆದವಳು ನಾನು. ಎಲೆಅಡಿಕೆ ತಿನ್ನುತ್ತಿದ್ದೆ. ನಡುವಿನ ಚಂಚಿಯಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತಿತ್ತು. ಒಂದು ಬೆಳಿಗ್ಗೆ ಅದರಿಂದ ಬೆರಳಿನಷ್ಟು ತೆಗೆದು ಲೋಳೆಯಲ್ಲಿ ಕಲಸಿದೆ.

ಹಳದಿ ಲೋಳೆ ಕೆಂಪಾಯಿತು. ಆಗಲೇ ಬೇಕಲ್ಲ, ಆರತಿಯ ಕೆಂಪು ನೀರನ್ನು ನಾವು ಮಾಡುವುದು ಹಾಗೆಯೇ. ಮಕ್ಕಳು ಬಣ್ಣ ಕಂಡು ಹೋ ಎಂದವು.

"ಏನ್ ಚಂದ ಬಣ್ಣ ಬಂದದ! ಕುಂಕುಮ ಹಾಕಿದ್ರೇನು?" ಎಂದರು ಅಕ್ಕೋರು.

"ಹೂಂರಿ," ಎಂದೆ.

ಮರುದಿನ ಬೆಳಿಗ್ಗೆ ಮೂಸಿದೆ. ವಾಸನೆ ಇಲ್ಲ. ಎಷ್ಟು ದಿನವಾದ ಮೇಲೆ ಅಂದು ಮತ್ತೆ ಹೋಗಿ ಆರರತನಕ ಮಲಗಿದೆ! ಮೂರನೆಯ ದಿನ ಸಣ್ಣಗೆ ಹುಳಿ ಬಡಿಯಿತು. ಇನ್ನೊಂದಿಷ್ಟು ಸುಣ್ಣ ಹಾಕಿದೆ, ಮೊದಲಿಗಿಂತ ಜಾಸ್ತಿ. ಅಂದು ಜೈತೂನ ಬೆಳಿಗ್ಗೆಯಿಂದ ಮಧ್ಯಾಹ್ನದತನಕ ಪರಾತ ಬಿಟ್ಟು ಎದ್ದಿರಲಿಲ್ಲ. ನಡುಬೆರಳು ಅಂದು ಪೂರ್ತಿ ಬಿಚ್ಚಿತು, ನಾನೇ ನೋಡಿದೆ. ಕೈ ತೊಳೆಸುವಾಗ ಅಂಗೈ ಕೆಂಪಗೆ ಕಂಡಿತು. ಬಣ್ಣ ಇರಬೇಕು ಎಂದುಕೊಂಡೆ. ಉಳಿದ ಮಕ್ಕಳಿಗೆ ಸ್ವಲ್ಪ ತುರಿಕೆ, 'ಮೌಶಿ, ಕೈ ಚುರುಚುರು' ಎಂದವು, ಎಣ್ಣೆ ಹಚ್ಚಿ ಕಳಿಸಿದೆ. ಅವಕ್ಕೆ ಇದ್ದದ್ದು ಹಳೆಯ ಚರ್ಮ. ಜೈತೂನಳದು ಈರುಳ್ಳಿ ಸಿಪ್ಪೆಯಂಥದು.

ಮರುದಿನ ಬಾಲವಾಡಿಯ ಬಾಗಿಲಿಗೆ ಹುಸೇನಬಿ ಮಗಳನ್ನು ಎತ್ತಿಕೊಂಡು ಬಂದು ನಿಂತಳು. ಅಂಗೈ ತುಂಬ ಗುಳ್ಳೆ, ಎರಡು ಕಡೆ ಚರ್ಮ ಸುಲಿದಿತ್ತು. ಹುಡುಗಿ ಅಳುತ್ತಿರಲಿಲ್ಲ. ಎಲ್ಲ ಬೆರಳನ್ನೂ ಒಳಗೆ ಬಿಗಿದು ಮುಷ್ಟಿಯನ್ನು ಎದೆಗೆ ಒತ್ತಿಕೊಂಡಿದ್ದಳು. ಗುಲ್ಲು ಕೇಳಿ ಗೌಡಶಾನಿಯವರೂ ಬಂದರು. ಪರಾತದ ಮುಂದೆ ಕೂತು, ಲೋಳೆಯಲ್ಲಿ ಬೆರಳು ಅದ್ದಿ, ಬೆಳಕಿಗೆ ಹಿಡಿದು ನೋಡಿದರು.

"ಏನು ಹಾಕೀರಿ ಇದರಾಗ?"

"ಕುಂಕುಮರಿ," ಎಂದರು ಅಕ್ಕೋರು.

"ಕುಂಕುಮ ಅಲ್ಲ ಇದು. ನಲವತ್ತು ವರ್ಷದಿಂದ ಆರತಿ ನೀರು ಕಲಸೀನಿ ನಾ. ಅರಿಷಿಣಕ್ಕ ಸುಣ್ಣ ಬಿದ್ರ ಬರೂ ಕೆಂಪು ಇದು. ಕೂಸಿನ ಸುಟ್ಟ ಕೈಗೆ ಸುಣ್ಣ ತಿಕ್ಕೀರಲ್ಲ ಅಕ್ಕೋರ! ಹಡದಿಲ್ಲ, ಸಾಕಿಲ್ಲ, ವಹಿ ಓದಿ ಮಂದಿ ಮಕ್ಕಳ ಮ್ಯಾಲ ಆಟ ಆಡಾಕ ಬಂದೀರಿ."

ಅಕ್ಕೋರು ನನ್ನ ಕಡೆ ತಿರುಗಿದರು. ಒಂದು ಗಳಿಗೆಯಲ್ಲಿ ಅವರಿಗೆ ತಿಳಿಯಿತು, ಅವರ ಮುಖದಲ್ಲಿ ನನಗೆ ಅದು ಕಂಡಿತು. ಕಾಶೀಬಾಯಿ ಹಾಕಿದಳು ಎನ್ನಬಹುದಿತ್ತು. ಅನ್ನಲಿಲ್ಲ. ನಾನು ನೆಲ ನೋಡಿದೆ. ಚಂಚಿ ನನ್ನ ನಡುವಿನಲ್ಲೇ ಇತ್ತು. ಇಷ್ಟು ಬೈಸಿಕೊಂಡೂ ಈ ಟೀಚರು ಹುಡುಗಿ ಯಾಕೆ ಸುಮ್ಮನಿದೆ ಎಂದು ನನಗೆ ಅವರ ಮೇಲೆಯೇ ಸಿಟ್ಟು ಬಂತು. ಅವರು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅಷ್ಟೇ. ಹೇಳದೆ ಋಣವಾಗಿ ನನ್ನ ತಲೆಯ ಮೇಲೆ ಕೂತರು.

ಆ ಹೊತ್ತೆಲ್ಲ ಕೆಲಸ ಮಾಡಿದೆ. ಪರಾತದ ಲೋಳೆಯನ್ನು ತಿಪ್ಪೆಗೆ ಚೆಲ್ಲಿದೆ. ಹೊತ್ತು ಇಳಿಯುವಾಗ ಹುಸೇನಬಿಯ ಮನೆಗೆ ಹೋದೆ. ಅವಳ ಗಂಡ ಕಲಾಯಿಗೆ ಬೇರೆ ಊರಿಗೆ ಹೋಗಿದ್ದ. ಅವಳು ಅಂಗಳದಲ್ಲಿ ಕೂತು ಮಗಳ ಕೈಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು.

"ಸುಣ್ಣ ಹಾಕಿದಾಕಿ ನಾನು," ಎಂದೆ. "ಅಕ್ಕೋರಲ್ಲ."

ಬೀಸಣಿಗೆ ನಿಂತಿತು. "ಯಾಕ?"

"ಹಳಸಬಾರದಂತ. ದಿನಾ ಕುದಸೂದು ಬ್ಯಾಸರಾಗಿತ್ತು."

"ಬ್ಯಾಸರಾಗಿತ್ತು," ಎಂದಳು ಅವಳು. ಮತ್ತೆ ಗಾಳಿ ಹಾಕತೊಡಗಿದಳು. ನಾನು ನಿಂತೇ ಇದ್ದೆ. ಕೂಡ್ರು ಎನ್ನಲಿಲ್ಲ. ಬೀಸುತ್ತಲೇ ಹೇಳಿದಳು. "ಅವತ್ತ ಬಿಸಿ ಹಂಡೆ ಅಂಗಳದಾಗ ಬಿಟ್ಟು ನೀರಿಗೆ ಹ್ವಾದಾಕಿ ನಾನು. ಆರು ತಿಂಗಳು ಅಲ್ಲಾನ ಮ್ಯಾಲ ಹಾಕ್ಕೊಂತ ಬಂದೀನಿ, ಅವನ ಇಚ್ಛಾ ಅಂತ. ಈ ಸಲಾನೂ ಹಂಗ ಹಾಕತಿದ್ನಿ. ನೀ ಬಂದು ಹೇಳಿ ಅದನ್ನೂ ಇಲ್ಲದಂಗ ಮಾಡಿದಿ."

"ತಪ್ಪಾತು."

"ತಪ್ಪು ಗಿಪ್ಪು ನನಗ ಬ್ಯಾಡ. ಈ ಗಾಯ ಮಾಯ್ದ ಮ್ಯಾಲ ಮನಿಗೆ ಲೋಳಿ ತಗೊಂಡು ಬಾ. ದಿನಾ. ಮಳಿ ಬೀಳೂತನಕ. ಬ್ಯಾಸರಾತು ಅಂದಿ ಅಂದ್ರ ನೋಡು ಮತ್ತ."

ಮರುದಿನ ಗೌಡಶಾನಿಯವರಿಗೂ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ, "ನಿನ್ನಿ ನಾಲಿಗಿ ಎಲ್ಲಿಟ್ಟಿದ್ದಿ?" ಎಂದರು. ಆಯಾ ಕೆಲಸಕ್ಕೆ ಬೇರೆ ಯಾರೂ ಸಿಗುತ್ತಿರಲಿಲ್ಲ, ಇಟ್ಟುಕೊಂಡರು. ಬಾಲವಾಡಿಯಲ್ಲಿ ಕೈಯಾಟ ನಿಂತಿತು. ಅಕ್ಕೋರು ಮಕ್ಕಳಿಗೆ ಹಾಡು ಹೇಳಿಕೊಡತೊಡಗಿದರು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಐದನೆಯ ದಿನ, "ನನ್ನ ಕೇಳಬೇಕಾಗಿತ್ತು ಕಾಶೀಬಾಯಿ," ಎಂದರು.

"ಕೇಳಿದ್ರ ಬ್ಯಾಡ ಅಂತಿದ್ರಿ."

"ಹೌದು, ಬ್ಯಾಡ ಅಂತಿದ್ದೆ," ಎಂದು ಬಸ್ಸಿಗೆ ಹೋದರು. ಆ ವರ್ಷ ಮುಗಿಯುವುದರೊಳಗೆ ಕೆಲಸ ಬಿಟ್ಟರು.

ಗಾಯ ಮಾಯಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ಕೈ ಮುಚ್ಚಿಯೇ ಇತ್ತು. ಆಮೇಲೆ ನಾನು ದಿನಾ ಬೆಳಿಗ್ಗೆ ಕುದಿಸಿ, ಹಿಂಡಿ, ಏನೂ ಹಾಕದ ಬರೀ ಲೋಳೆಯನ್ನು ಒಂದು ಬೋಗುಣಿಯಲ್ಲಿ ಒಯ್ದು ಜೈತೂನಳ ಮುಂದೆ ಇಡುತ್ತಿದ್ದೆ. ಅವಳು ಮುಖ ತಿರುಗಿಸುತ್ತಿದ್ದಳು. "ಉರೀತೈತಿ" ಎನ್ನುತ್ತಿದ್ದಳು. ಉರಿಯುವುದಿಲ್ಲ ನೋಡು ಎಂದು ನನ್ನ ಕೈ ಹಾಕಿ ತೋರಿಸುತ್ತಿದ್ದೆ. ನಂಬಲಿಲ್ಲ. ಯಾಕೆ ನಂಬಬೇಕು? ಹುಸೇನಬಿ ತಮ್ಮ ಮಾತಿನಲ್ಲಿ "ಹಾಥ್ ಖೋಲ್ ಬೇಟಾ, ಖೋಲ್" ಎಂದು ಕೈ ಬಿಚ್ಚಲು ಬೇಡಿಕೊಳ್ಳುತ್ತಿದ್ದಳು. ನಾನು ಬೇಡಿಕೊಳ್ಳುವವಳಲ್ಲ. ಬೈದೆ. ಒಮ್ಮೆ ರಟ್ಟೆ ಹಿಡಿದು ಎಳೆದೆ, ಅವಳು ಬೋಗುಣಿ ಒದ್ದಳು, ಎಲ್ಲ ಅಂಗಳದ ಧೂಳಿನಲ್ಲಿ ಹೋಯಿತು. ನಾಲ್ಕು ತಾಸಿನ ಕೆಲಸ. ಬೋಗುಣಿ ಎತ್ತಿಕೊಂಡು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಒಬ್ಬಳೇ ಒದರಾಡಿದೆ. ಹುಡುಗಿಗೆ ಬೈದೆ, ಅಕ್ಕೋರಿಗೆ ಬೈದೆ, ಹಂಡೆಗೆ ಬೈದೆ. ಮಾರನೆಯ ದಿನ ಮತ್ತೆ ಕುದಿಸಿದೆ.

ಕಡೆಗೆ ಹುಣಸೆ ಬೀಜ ಉಪಯೋಗಕ್ಕೆ ಬಂದವು. ಐದು ಬೀಜ ಲೋಳೆಯ ತಳಕ್ಕೆ ಬಿಟ್ಟು, ಹುಸೇನಬಿಯೂ ನಾನೂ ಎದುರು ಬದುರು ಕೂತು ಹುಡುಕುವ ಆಟ ಆಡಿದೆವು. ಸಿಕ್ಕರೆ ನನ್ನದು, ಇಲ್ಲದಿದ್ದರೆ ನಿನ್ನದು. ಇಬ್ಬರು ದೊಡ್ಡ ಹೆಂಗಸರು. ನಾನು ಬೇಕೆಂದೇ ಮೋಸ ಮಾಡಿದೆ. ಜೈತೂನಳಿಗೆ ತಡೆಯಲಾಗಲಿಲ್ಲ.

"ಮೌಶಿ ಕಳ್ಳಿ! ಸೀರ್ಯಾಗ ಬೀಜ ಮುಚ್ಚಿಟ್ಟಾಳ!"

"ಹಂಗಾರ ನೀ ಬಂದು ಆಡು. ಎಡಗೈ ಹಾಕಿದ್ರ ಆಟ ಇಲ್ಲ."

ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಲಗೈಯ ಒಂದು ಬೆರಳ ತುದಿ ಅದ್ದಿ ತೆಗೆದಳು. ಉರಿಯಲಿಲ್ಲ. ಹಾಗೆ ಶುರುವಾಯಿತು. ಆದರೆ ಆ ಹೊತ್ತಿಗೆ ಗಾಳಿ ತಿರುಗಿತ್ತು, ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು, ಡಾಕ್ಟರು ಕೊಟ್ಟ ದಿನಗಳಲ್ಲಿ ಕೆಲವೇ ಉಳಿದಿದ್ದವು. ಹೆಬ್ಬೆರಳು, ತೋರುಬೆರಳು, ನಡುಬೆರಳು ತೆರೆದವು. ಹುಣಸೆ ಬೀಜ ಹಿಡಿಯುವಷ್ಟು, ಪಾಟಿಯ ಮೇಲೆ ಬಳಪ ಹಿಡಿಯುವಷ್ಟು. ಉಂಗುರದ ಬೆರಳು, ಕಿರುಬೆರಳು ಎರಡೂ ಅಂಗೈಗೆ ಕಚ್ಚಿಕೊಂಡೇ ಇದ್ದವು. ಮಳೆಗಾಲ ಹಿಡಿದು ಮಿರಗದ ಮಳೆ ಬಿತ್ತು, ಮುಂದಿನ ಮಳೆಯೂ ಬಿತ್ತು. ನಾನು ಅಗಸೆ ತೀರುವತನಕ ಹೋದೆ. ಆ ಎರಡು ಬೆರಳು ಮತ್ತೆ ತೆರೆಯಲಿಲ್ಲ.

ಹುಡುಗಿ ದೊಡ್ಡವಳಾದಳು. ಅವಳನ್ನು ಕಳ್ಳಕವಟಗಿಗೆ ಕೊಟ್ಟರು, ಹೊಲಮನೆ ಇದ್ದವರಿಗೆ. ಹುಸೇನಬಿ ತೀರಿಹೋದ ಮೇಲೆ ಒಮ್ಮೆ ಅಲ್ಲಿಗೆ ಹೋದೆ. ಯಾರೂ ಕರೆದಿರಲಿಲ್ಲ. ನನಗೆ ನೋಡಬೇಕಿತ್ತು. ಜೈತೂನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಡ ಅಂಗೈ ಅಗಲವಾಗಿ ಬೀಳುತ್ತಿತ್ತು, ಬಲಗೈಯಲ್ಲಿ ಮೂರು ಬೆರಳು ಮತ್ತು ಎರಡು ಗೆಣ್ಣು. ರೊಟ್ಟಿ ಒಂದು ಕಡೆ ತೆಳು, ಒಂದು ಕಡೆ ದಪ್ಪ. ಹಂಚಿಗೆ ಹಾಕಿದಾಗ ತೆಳು ಕಡೆ ಉಬ್ಬಿತು, ದಪ್ಪ ಕಡೆ ಹಾಗೆಯೇ ಕೂತಿತು.

"ನಮ್ಮ ಅಮ್ಮ ಹೇಳ್ತಿದ್ಲು ಮೌಶಿ," ಎಂದಳು, ಬಡಿಯುವುದನ್ನು ನಿಲ್ಲಿಸದೆ, "ನೀ ದಿನಾ ಮನಿಗೆ ಲೋಳಿ ತಂದು ಈ ಮೂರು ಬೆರಳ ಬಿಡಸಿದಿ ಅಂತ. ಎರಡು ಹಂಡೆದಾಗ ಹ್ವಾದು, ಮೂರು ನಿನ್ನಿಂದ ಉಳದು ಅಂತಿದ್ಲು."

ಹುಸೇನಬಿ ಮಗಳಿಗೆ ಹಾಗೆ ಹೇಳಿದ್ದಳು. ಆ ಎರಡು ಬೆರಳಿನ ತಪ್ಪನ್ನೂ ತನ್ನ ಮೇಲೆ ಹಾಕಿಕೊಂಡು ಸತ್ತಿದ್ದಳು. ನಾನು ಸುಮ್ಮನೆ ರೊಟ್ಟಿ ತಿಂದು ಬರಬಹುದಿತ್ತು.

"ಹಂಡೆದಾಗ ಹೋಗಿಲ್ಲ ಅವು," ಎಂದೆ. "ಐದೂ ಬಿಡತಿದ್ದು. ನಾ ಲೋಳ್ಯಾಗ ಸುಣ್ಣ ಹಾಕಿದ್ನಿ. ಅದರಾಗ ಹ್ವಾದು."

ಅವಳ ಕೈ ನಿಂತಿತು. ತನ್ನ ಬಲಗೈಯನ್ನು ಒಂದಿಷ್ಟು ಹೊತ್ತು ನೋಡಿದಳು, ಬೇರೆ ಯಾರದೋ ಕೈ ನೋಡುವ ಹಾಗೆ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದಾಗ ಅದನ್ನು ತಿರುವಿ ಹಾಕಿದಳು. ಆಮೇಲೆ ಎತ್ತಿ, ನಡುವೆ ಮುರಿದು, ದಪ್ಪ ಇದ್ದ ಅರ್ಧವನ್ನು ನನ್ನ ತಾಟಿಗೆ ಹಾಕಿದಳು.

"ಹಂಗಾರ ಇದು ನಿನ್ನ ಪಾಲು," ಎಂದಳು. "ತಿನ್ನು."

ತಿಂದೆ. ಒಳಗೆ ಹಸಿ ಇತ್ತು.